ವಿಮಾನಕ್ಕೆ ಕಾದು ಹುಳಿಯಾದ ರಾಗಿ

ವೇದಿಕೆಯ ಮೇಲಿರುವ ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಗಂಗಲಕ್ಷ್ಮಮ್ಮನವರೇ, ಸನ್ಮಾನಕ್ಕೆ ಸಿದ್ಧನಾಗಿ ಕೂತಿರುವ ತಮ್ಮ ಮುರಳಿ, ದೇವನಹಳ್ಳಿ ಸುತ್ತಿನ ಅಕ್ಕಂದಿರೇ, ಅವರನ್ನು ಬಿಡಲು ಬಂದು ಊಟಕ್ಕೆ ಉಳಿದುಕೊಂಡಿರುವ ಅಣ್ಣಂದಿರೇ, ಸಭಿಕರೇ,

"ಮುರಳಿ ಬಗ್ಗೆ ನಾಲ್ಕು ಒಳ್ಳೆ ಮಾತಾಡು ಶಿಲ್ಪ, ನೀನು ಬಿಬಿಎಂ ಓದ್ದೋಳು" ಎಂದರು ಅಧ್ಯಕ್ಷರು. ಆಡುತ್ತೇನೆ. ನಮ್ಮ ಸಂಘ ಮಾರುವ ರಾಗಿ ಸರಿಗೆಂದು ಇವನು ತೆಗೆದ ರೀಲನ್ನು ಲಕ್ಷಾಂತರ ಜನ ನೋಡಿದ್ದಾರೆ. ಹಿಂದೆ ವಿಮಾನ ಇಳಿಯುತ್ತದೆ, ಮುಂದೆ ಗುಂಡುಗುಂಡಾದ ಮಗು ನಗುತ್ತದೆ. ಚಪ್ಪಾಳೆ ಹೊಡೆಯುವುದಿದ್ದರೆ ಈಗಲೇ ಹೊಡೆದುಬಿಡಿ. ಆಮೇಲೆ ನಿಮಗೆ ಮನಸ್ಸು ಬರುವುದಿಲ್ಲ.

ಆ ವಿಮಾನ ಸರಿಯಾಗಿ ಮಗುವಿನ ತಲೆಯ ಮೇಲೇ ಬರಬೇಕೆಂದು ಇಡೀ ಸಂಘ ತಾರಸಿಯಲ್ಲಿ ಕತ್ತೆತ್ತಿ ನಿಂತಿತ್ತು. "ಇನ್ನೊಂದು ಬರ್ಲಿ ಅಕ್ಕ, ಇದು ಚಿಕ್ಕದಾಯ್ತು" ಅಂದ ಮುರಳಿ. ಕೆಳಗೆ ಬಟ್ಟೆಯಲ್ಲಿ ಕಟ್ಟಿಟ್ಟ ಮೊಳಕೆ ರಾಗಿಯನ್ನು ಬಿಚ್ಚಿ ಒಣಹಾಕುವವರು ಯಾರು? ಅದು ಬೆಚ್ಚಗಾಗಿ ಹುಳಿ ವಾಸನೆ ಹೊಡೆಯಿತು. ಅಷ್ಟೂ ನಮ್ಮ ಸಂಘದ ಪಾಪಕ್ಕನ ಹಸುಗಳ ಪಾಲು. "ವೈರಲ್ ಆಗಿದ್ದು ನಮ್ಮ ಹಸು ಹೊಟ್ಟೆ ಕಣವ್ವ" ಅಂದಳು ಪಾಪಕ್ಕ.

ಮುರಳಿಯದು ತಪ್ಪೇ? ಅಲ್ಲ. ನಾವು ಅವನಿಗೆ ಹೇಳಿದ್ದೇನು? "ಎಲ್ಲಾರೂ ನೋಡ್ಬೇಕು ಕಣೋ, ಹಂಗೆ ಮಾಡು." ಎಲ್ಲಾರೂ ಎಂದರೆ ಯಾರು? ನಮ್ಮ ಸರಿ ಯಾವ ತಾಯಿಗೆ ಬೇಕು, ಅವಳಿಗೆ ಏನು ಭಯ, ಅವಳು ಎಲ್ಲಿ ಸಿಗುತ್ತಾಳೆ? ಇದನ್ನು ನಾವು ಕೂತು ಯೋಚಿಸಲೇ ಇಲ್ಲ. ಯಾವ ಊರಿಗೆ ಹೊರಟೆವೆಂದು ಗೊತ್ತಿಲ್ಲದೆ ಗಾಡಿಗೆ ಬಣ್ಣ ಬಳಿದೆವು! ಆರ್ಡರ್ ಬಂತು, ಜಿಮ್ಮಿಗೆ ಹೋಗುವ ಹುಡುಗರಿಂದ. ಒಮ್ಮೆ ತಗೊಂಡರು, "ಚಾಕೊಲೇಟ್ ಫ್ಲೇವರ್ ಇಲ್ವಾ?" ಎಂದು ಕೇಳಿ ಹೋದರು. ಅದೇ ರೀಲಿನ ಕೆಳಗೆ ಒಬ್ಬ ತಾಯಿ ಬರೆದಿದ್ದಳು: "ಅಕ್ಕ, ನನ್ನ ಮಗು ತೂಕ ಏರ್ತಿಲ್ಲ, ಇದನ್ನ ಕೊಡಬಹುದಾ?" ಅವಳಿಗೆ ನಾವು ಕಳಿಸಿದ್ದೇನು? ಒಂದು ಹೃದಯದ ಚಿತ್ರ, ಜೊತೆಗೆ ಹಬ್ಬದ ಆಫರ್!

ಆ ತಾಯಿಯ ಸಂಕಟ ನನಗೆ ಗೊತ್ತು. ನನ್ನ ಕೀರ್ತನಳೂ ತೂಕ ಏರುತ್ತಿರಲಿಲ್ಲ. ನಮ್ಮ ಯಜಮಾನರದು ಏರ್‌ಪೋರ್ಟ್ ಟ್ಯಾಕ್ಸಿ, ಮನೆಗೆ ಬರುವಾಗ ಬೆಳಗಾಗುತ್ತದೆ. ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂರುತ್ತೇನೆ... ಕೂರುತ್ತಿದ್ದೆ. ಇರಲಿ, ಅದು ಇಲ್ಲಿ ಬೇಡ.

ಆಗ ಒಂದು ಗುರುವಾರ ಅವಳ ಚುಚ್ಚುಮದ್ದಿಗೆಂದು ಹೋದರೆ, ಆಸ್ಪತ್ರೆ ಬಾಗಿಲಲ್ಲಿ ನಮ್ಮ ಸಂಘದವರು ಒಲೆ ಹಚ್ಚಿ, ಸರಿ ಗಂಟಾಗದಂತೆ ಕಾಯಿಸುವುದನ್ನು ತಾಯಂದಿರಿಗೆ ತೋರಿಸುತ್ತಿದ್ದರು. ಪಾಪಕ್ಕ ನನ್ನ ಮುಖ ನೋಡಿ, "ನೀನು ಉಂಡ್ಯಾ ತಾಯಿ?" ಅಂದಳು. ಮಗು ಹುಟ್ಟಿದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಸಂಘಕ್ಕೆ ಸೇರಿದ್ದು ಹಾಗೆ. ಯಾವ ರೀಲು ನೋಡಿಯೂ ಅಲ್ಲ. ಆ ಒಲೆಯನ್ನೇ ನಂದಿಸಿಬಿಡೋಣವೆಂದು ಇವತ್ತು ಊಟವಾದ ಮೇಲೆ ನಾವೆಲ್ಲ ಕೈಯೆತ್ತಿ ಒಪ್ಪಬೇಕಂತೆ! ಇನ್ನು ಬರೀ ರೀಲಂತೆ!

ನಾನು ಕೈ ಎತ್ತುವುದಿಲ್ಲ. ಮುರಳಿ, ನಿನ್ನ ಶಾಲು ಇದೋ, ನನ್ನ ಕೈಯಲ್ಲೇ ಇದೆ. ಹೊದಿಸುತ್ತೇನೆ, ಆದರೆ ಒಂದು ಷರತ್ತು. ಈ ಗುರುವಾರ ಬಂದು ಆ ಒಲೆಯ ಪಕ್ಕ ಕೂತುಕೋ. ಫೋನ್ ಜೇಬಲ್ಲೇ ಇರಲಿ. ತಾಯಂದಿರು ಏನು ಕೇಳುತ್ತಾರೆ, ಏನು ಕೇಳಲು ಹೆದರುತ್ತಾರೆ, ನೋಡು. ಆಮೇಲೆ ತೆಗಿಯಪ್ಪ, ಎಷ್ಟು ಬೇಕೋ ಅಷ್ಟು ರೀಲು. ಬೆಳಕು ನಾನೇ ಹಿಡಿಯುತ್ತೇನೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಅಳುತ್ತಿರುವುದು ನನ್ನ ಮಗಳೇ. ತಾಳ್ಮೆಯಿಂದ ಕೇಳಿದ ನಿಮಗೂ, ಅವಳನ್ನು ಎತ್ತಿಕೊಂಡಿರುವ ಪಾಪಕ್ಕನಿಗೂ ನನ್ನ ವಂದನೆ. ಮಗುವಿಗೆ ಹಸಿವಾಗಿದೆ. ಅದು ವಿಮಾನ ಬರುವ ತನಕ ಕಾಯುವುದಿಲ್ಲ. ನಮಸ್ಕಾರ.