ಹುಂಬನ್ ಹಿಂತೆಗೆದ ನೆರಳು

ಈಗಿನ ಇರಾನ್ ಇದೆಯಲ್ಲ, ಅಲ್ಲಿ ಸಾವಿರಾರು ವರ್ಷಗಳ ಹಿಂದೆ ಎಲಾಮ್ ಅಂತ ಒಂದು ನಾಡಿತ್ತು. ಆ ನಾಡಿನ ದೊಡ್ಡ ದೇವರು ಹುಂಬನ್. ಅವನ ಕೆಲಸ ಏನು? ಕಾಯೋದು. ಅವನು ಕೊಡುವ ರಕ್ಷೆಗೆ ಅಲ್ಲಿಯವರು ಕಿತಿನ್ ಅನ್ನುತ್ತಿದ್ದರು. ರಾಜನಿಗೂ ಅದಿಲ್ಲದೆ ಗತಿಯಿಲ್ಲ. ನಾವು ಅದನ್ನು ನೆರಳು ಅಂತಿಟ್ಟುಕೊಳ್ಳೋಣ.

ಅಲ್ಲೊಬ್ಬ ಶ್ರೀಮಂತ, ದಾಳಿಂಬೆ ತೋಟದವನು. ಅವನ ಅಣ್ಣ ಸಾಯುವಾಗ, "ಅರ್ಧ ತೋಟ ನಿನ್ನ ಅತ್ತಿಗೆಗೆ ಬಿಡು" ಅಂದಿದ್ದ. ಇವನು ಬಿಡಲಿಲ್ಲ. ಅತ್ತಿಗೆ ಹುಂಬನ್ ಗುಡಿಯಲ್ಲಿ ನ್ಯಾಯಕ್ಕೆ ಕೂರುವ ಹಿರಿಯರ ಹತ್ತಿರ ಹೋದಳು.

ಹಿರಿಯರು ಅವನನ್ನು ಕರೆಸಿ ಅಂದರು, "ಹುಂಬನ್ ದೇವರ ಲಾಂಛನ ಮುಟ್ಟಿ ತೋಟ ಯಾರದು ಹೇಳಪ್ಪ. ಸುಳ್ಳಾದರೆ ಅವನ ನೆರಳಿನಿಂದ ಆಚೆ ಬೀಳ್ತೀಯ."

ಮುಟ್ಟಿದ. "ತೋಟವೆಲ್ಲ ನನ್ನದೇ" ಅಂದ. ಎಲ್ಲಿ ಏಟು ಬೀಳುತ್ತದೋ ಅಂತ ಹೆಗಲು ಕುಗ್ಗಿಸಿ ನಿಂತ. ಏನೂ ಬೀಳಲಿಲ್ಲ. ನೋಡಿ, ಅಲ್ಲೇ ಅವನು ತಪ್ಪಿದ್ದು. ಹುಂಬನ್ ಹೊಡೆಯುತ್ತಾನೆ ಅಂತ ಯಾರು ಹೇಳಿದ್ದರು?

ತೋಟಕ್ಕೆ ಬಂದು ಮರದಡಿ ಕೂತ. ನೆಲದ ಮೇಲೆ ಎಲೆಗಳ ನೆರಳು ಮೀನಿನ ಮರಿಗಳ ಹಾಗೆ ಆಡುತ್ತಿತ್ತು. ಇವನು ಕೂತ ಜಾಗ ಬಿಟ್ಟು ಸುತ್ತ ಹರಿಯುತ್ತಿತ್ತು. ಸರಿದು ಕೂತ. ನೆರಳೂ ಸರಿಯಿತು. ಇನ್ನೊಂದು ಮರಕ್ಕೆ ಹೋದ. ಅಲ್ಲೂ ನೆತ್ತಿಯ ಮೇಲೆ ಬಿಸಿಲು. ಸಂಜೆಯಾಗುತ್ತಲೇ ಇಲ್ಲ. ಹಣ್ಣುಗಳೆಲ್ಲ ತನ್ನ ಕಡೆಗೇ ಬಾಯಿ ಬಿಟ್ಟ ಹಾಗೆ ಕಂಡವು.

ಕೊಡ ಹೊತ್ತು ಅತ್ತಿಗೆ ಬಂದಳು. "ಯಾಕಪ್ಪ, ಬಿಸಿಲಲ್ಲಿ ಕೂತಿದ್ದೀಯ?"

"ನೆರಳಲ್ಲೇ ಇದ್ದೀನಿ ಅತ್ತಿಗೆ."

"ಇರು ಇರು. ನೆರಳೂ ನಿನ್ನದೇ ಅಂತ ಹೇಳಿ ಬಂದಿದ್ದೀಯಲ್ಲ."

ಅಷ್ಟಂದಳು, ಆದರೆ ಅವನ ತುಟಿ ಒಡೆದದ್ದು ನೋಡಿದಳು. ಕೊಡ ಇಳಿಸಿ, ತಾನು ಹೊದ್ದಿದ್ದ ಬಟ್ಟೆಯ ತುದಿ ಅವನ ತಲೆಯ ಮೇಲೆ ಹಿಡಿದಳು. ತಣ್ಣಗಾಯಿತು. ಮರಗಳು ಕೊಡದ ನೆರಳು ಆ ಹಳೇ ಬಟ್ಟೆಯಲ್ಲಿತ್ತು.

ಬಹಳ ಹೊತ್ತು ಅವನು ಏಳಲಿಲ್ಲ. ಎದ್ದಾಗ, "ನಡೀರಿ ಅತ್ತಿಗೆ, ಹಿರಿಯರ ಹತ್ತಿರ" ಅಂದ. ದಾರಿಯುದ್ದಕ್ಕೂ ಅವಳು ಬಟ್ಟೆ ಹಿಡಿದೇ ನಡೆದಳು. ಲಾಂಛನದ ಮುಂದೆ, "ಅರ್ಧ ಇವರದು" ಅಂದ. ಹೊರಗೆ ಬಂದ. ಅವಳು ಕೈ ಇಳಿಸಿದಳು. ಗುಡಿಯ ಗೋಡೆಯ ನೆರಳು ನಿಧಾನವಾಗಿ ಬಂದು ಅವನ ಪಾದ ಮುಟ್ಟಿತು.

ಹುಂಬನ್ ದೂರದವನು, ನಮಗೇನು ಅಂತೀರಾ? ಇವತ್ತು ಅಂಗಡಿಯಲ್ಲಿ ದೇವರ ಪಟದ ಕೆಳಗೆ ಕೂತು "ದೇವರಾಣೆ, ಅಸಲೂ ಗಿಟ್ಟಲ್ಲ" ಅಂದವರು ನೀವೇ ತಾನೆ? ಮನೆಯಲ್ಲಿ ತಂಗಿ ಪಾಲು ಕೇಳಿದಾಗ "ಅಪ್ಪ ಏನೂ ಹೇಳಿರಲಿಲ್ಲ" ಅಂದವರು? ಸಿಡಿಲು ಬೀಳಲಿಲ್ಲ, ನಿಜ. ಆಮೇಲೆ ತಂಪಾಗಿ ಕೂತಿದ್ದೀರಾ? ನಾಳೆ ಈ ಗುಡಿಗೆ ದೀಪ ಹಚ್ಚಲು ಬರಬೇಡಿ. ಮೊದಲು ತಂಗಿಯ ಮನೆಗೆ ಹೋಗಿ. ಅವಳು ಬಾಗಿಲು ತೆಗೆದರೆ, ಒಳಗೆ ಕಾಲಿಡುವ ಮುಂಚೆಯೇ ನಿಜ ಹೇಳಿ.