ಅಕ್ಕನ ಪಾಲಿನ ಸ್ಟೀರಿಂಗು

ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಹೊರಟರೂ ಶಾಂಭವಿ ಏಳಲಿಲ್ಲ. ಅವಳ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲೊಬ್ಬ ವಯಸ್ಸಾದ ಹೆಂಗಸು ಟ್ರಾಕ್ಟರಿನ ಸ್ಟೀರಿಂಗನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಪಕ್ಕದಲ್ಲಿ ಕೂತಿದ್ದ ಅವಳ ತಮ್ಮ ಕೈ ಚಾಚಿದ.

“ಕೊಡಕ್ಕ, ನಾನು ಇಡ್ಕತೀನಿ.”

“ಬ್ಯಾಡ ಕಣೋ ಕನಕರಾಜು. ಬೇಸಾಯದ ಸಂಘ ಮುಚ್ಚಿದಾಗ ಟ್ರಾಕ್ಟರ್ ಬಿಚ್ಚಿ ಹಂಚ್ಕಂಡ್ರಲ್ಲ, ಇದು ಅಪ್ಪನ ಪಾಲಿಗೆ ಬಂದದ್ದು. ಮದುವೇಲಿ ನಂಗೆ ಕೊಟ್ರು.”

“ಸಂಘ ಸುರುವಾಗಿ ಐವತ್ತು ವರ್ಸ ಆಯ್ತಲ್ಲಕ್ಕ. ನಾಳೆ ಟ್ರಾಕ್ಟರ್ ಜೋಡಿಸಿ ಮೆರವಣಿಗೆ ಮಾಡ್ತೀವಿ. ಎಲ್ಲಾರೂ ಅವರವರ ಪಾಲು ತತ್ತಾವ್ರೆ.”

“ಚಕ್ರ?”

“ಮೂರು ಸಿಕ್ಕವೆ. ಇನ್ನೊಂದರ ಮ್ಯಾಲೆ ದಾಸಯ್ಯ ನೀರಿನ ಡ್ರಮ್ ಇಟ್ಟವ್ನೆ. ಇಳಿಸಾಕಿಲ್ಲ ಅಂತಾನೆ.”

“ಇಂಜಿನ್ನು?”

“ಅದು ದೇವರ ಪಾಲಲ್ವಾ. ಪೂಜಾರಿ ಕೊಡಾಕಿಲ್ಲ.”

“ಮತ್ತೆ ಎಂಗ್ಲಾ ಓಡ್ತದೆ?”

“ಎತ್ತು ಕಟ್ತೀವಿ.”

“ಎತ್ತಿನ ಗಾಡಿಗೆ ಸ್ಟೀರಿಂಗ್ ಯಾಕೋ?”

“ಸಂಘದ ಹಳೇ ಅಧ್ಯಕ್ಷರು ಇಡ್ಕಂಡು ಕೂರಬೇಕಲ್ಲ.”

ಪಿರಿಯಾಪಟ್ಟಣದ ಬಸ್ಸು ಬಂತು. ಅಕ್ಕ ಸ್ಟೀರಿಂಗನ್ನು ಕಂಕುಳಿಗೇರಿಸಿಕೊಂಡು ಎದ್ದಳು.

“ಸಂಘದ ಗದ್ದೇಲಿ ನಾಟಿ, ಕಳೆ ಎಲ್ಲಾ ನಾವು ಮಾಡಿದ್ದು. ಎಂಗಸ್ರು ಸದಸ್ಯರಾಗಂಗಿಲ್ಲ ಅಂದ್ರು. ಟ್ರಾಕ್ಟರ್ ಸೀಟು ಯಾರ ಮನೇಲದೆ?”

“ಗುರುಸ್ವಾಮಿ ಮನೇಲಿ.”

“ಫೋನ್ ಮಾಡು. ಒರೆಸಿ ಇಡಾಕೆ ಹೇಳು, ನಾನು ಕೂತ್ಕತೀನಿ,” ಎಂದು ಅಕ್ಕ ಬಸ್ಸು ಹತ್ತಿದಳು.