ಮಂಗಳವಾರದ ಕ್ಷೌರ

ಲಂಡನ್ನಿನ ರೇನರ್ಸ್ ಲೇನಿನಲ್ಲಿ ಐಸ್ ಹೆರೆದು ಬಣ್ಣದ ಪಾಕ ಸುರಿದುಕೊಡುವ ಹವಾಯಿ ಶೇವ್ ಐಸ್ ಅಂಗಡಿ. ಸಾಲಿನಲ್ಲಿ ಮುಂದೆ ಕನ್ನಡ ಕೇಳಿಸಿದ್ದೇ ಹಿಂದೆ ನಿಂತಿದ್ದ ಶ್ರೀಲತಾಳ ಕಿವಿ ನೆಟ್ಟಗಾಯಿತು. ಅಕ್ಕ, ತಮ್ಮ. ತಮ್ಮನ ಬೋಳಿಸಿದ ತಲೆಯಲ್ಲಿ ಈಗಷ್ಟೇ ಕೂದಲು ಮೊಳೆಯುತ್ತಿತ್ತು.

"ಅಮ್ಮಂಗೆ ಇದನ್ನ ತಿನ್ನೋಕೆ ಎಷ್ಟು ಆಸೆ ಇತ್ತು ಕಣೋ."

"ಕರ್ಕೊಂಡು ಬಂದಿದ್ನಲ್ಲಕ್ಕಾ. ಬೋರ್ಡ್ ಓದಿ, ಮಂಗಳವಾರ ಐಸ್‌ಗೂ ಕ್ಷೌರ ಮಾಡಿಸಬಾರದು, ನಾಳೆ ಬರೋಣ ಅಂತ ನಕ್ಕಳು."

"ತಮಾಷೆಗೆ ಅಂದಿರ್ತಾಳೆ."

"ಗೊತ್ತು. ಸಾಲು ಉದ್ದ ಇತ್ತು, ಸರಿ ನಾಳೆ ಅಂದ್ಬಿಟ್ಟೆ."

"ಆಮೇಲೆ?"

"ಆಮೇಲೆ ಆಸ್ಪತ್ರೆ ಡ್ಯೂಟಿ. ದಿನಾ ಡ್ಯೂಟಿ."

ಸಾಲು ಮುಂದಕ್ಕೆ ಸರಿಯಿತು.

"ವಸಿಷ್ಠ, ಇವತ್ತೂ ಮಂಗಳವಾರ ಕಣೋ."

ಅವನು ತಲೆ ಸವರಿಕೊಂಡ.

"ನಾಳೆ ಬರೋಣ ಅಕ್ಕಾ."

"ಡ್ಯೂಟಿ?"

"ರಜೆ ಹಾಕ್ತೀನಿ."

ಇಬ್ಬರೂ ಸಾಲು ಬಿಟ್ಟು ಸ್ಟೇಷನ್ ಕಡೆ ನಡೆದರು.